ಹಳೆಯ ಮಸೂರ, ಹಳೆಯ ತೂತು, ಹೊಸ ಪೇಟೆಂಟ್

1961ರ ಡಿಸೆಂಬರ್ 19ರಂದು ಅಮೆರಿಕದ ಪೇಟೆಂಟ್ ಕಚೇರಿ 3,013,467 ನಂಬರಿನ ಪೇಟೆಂಟನ್ನು ಮಾರ್ವಿನ್ ಮಿನ್‌ಸ್ಕಿ ಅವರ ಹೆಸರಿಗೆ ಬರೆದುಕೊಟ್ಟಿತು. ಕೃತಕ ಬುದ್ಧಿಮತ್ತೆಯ ಮೂಲಪುರುಷರಲ್ಲಿ ಒಬ್ಬರೆಂದು ಹೆಸರಾದ ಅದೇ ಮಿನ್‌ಸ್ಕಿ. ಅರ್ಜಿ ಹಾಕಿದ್ದು 1957ರ ನವೆಂಬರಿನಲ್ಲಿ, ಒಂದು ಮೈಕ್ರೋಸ್ಕೋಪಿಗಾಗಿ. ಅದನ್ನು ಬಿಚ್ಚಿ ನೋಡಿದರೆ ಸಿಗುವ ಸಾಮಾನು ಇಷ್ಟೇ: ಪ್ರಖರವಾದ ದೀಪ, ಸೂಜಿಮೊನೆಯಷ್ಟು ತೂತಿರುವ ಎರಡು ತಗಡು, ಮಸೂರಗಳು, ಅರ್ಧ ಬೆಳಕನ್ನು ಬಿಟ್ಟು ಉಳಿದರ್ಧವನ್ನು ತಿರುಗಿಸುವ ಕನ್ನಡಿ, ಅತ್ತಿತ್ತ ಸರಿಯುವ ಪುಟ್ಟ ಮೇಜು, ಬೆಳಕನ್ನು ವಿದ್ಯುತ್ತಾಗಿ ಮಾಡುವ ಕೊಳವೆ. ಇವುಗಳಲ್ಲಿ ಒಂದನ್ನೂ ಮಿನ್‌ಸ್ಕಿ ಕಂಡುಹಿಡಿದಿರಲಿಲ್ಲ. ಎಲ್ಲವೂ ದುಡ್ಡು ಕೊಟ್ಟರೆ ಅಂಗಡಿಯಲ್ಲಿ ಸಿಗುತ್ತಿದ್ದವು.

ಹಾಗಾದರೆ ಪೇಟೆಂಟ್ ಕೊಟ್ಟದ್ದು ಯಾವುದಕ್ಕೆ? ಹಳೆಯ ವಸ್ತುಗಳನ್ನು ಕೂಡಿಸಿದ್ದಕ್ಕೆ ಒಬ್ಬನಿಗೆ ಹಲವು ವರ್ಷಗಳ ಏಕಸ್ವಾಮ್ಯ ಕೊಡಬಹುದೇ? ಜಗತ್ತಿನ ಪೇಟೆಂಟ್ ಕಚೇರಿಗಳಲ್ಲಿ ಅರ್ಜಿಗಳು ಬಿದ್ದುಹೋಗುವ ಮುಖ್ಯ ಕಾರಣಗಳಲ್ಲಿ ಇದೊಂದು. ವಸ್ತು ಹೊಸದೇ ಇರಬಹುದು, ಅದು ಸಾಲದು. ಆ ಕ್ಷೇತ್ರದಲ್ಲಿ ನುರಿತ ಒಬ್ಬ ಸಾಧಾರಣ ವ್ಯಕ್ತಿಗೆ ಅದು ಸಹಜವಾಗಿ ಹೊಳೆಯುವಂತಿರಬಾರದು. ಮೈಕ್ರೋಸ್ಕೋಪಿನ ವಿಷಯದಲ್ಲಿ ಈ ಪ್ರಶ್ನೆ ಉಳಿದೆಲ್ಲೆಡೆಗಿಂತ ಚೂಪಾಗಿ ಏಳುತ್ತದೆ. ರಾಬರ್ಟ್ ಹುಕ್ 1665ರಲ್ಲಿ ತನ್ನ ಸೂಕ್ಷ್ಮ ಚಿತ್ರಗಳ ಪುಸ್ತಕ ಅಚ್ಚು ಹಾಕಿಸುವ ಹೊತ್ತಿಗೇ ಮಸೂರ, ಕೊಳವೆ, ದೀಪ, ಮಾದರಿಯನ್ನು ಹಿಡಿಯುವ ಸೂಜಿ ಎಲ್ಲವೂ ಇದ್ದವು. ಆಮೇಲೆ ಬಂದದ್ದರಲ್ಲಿ ಬಹುಪಾಲು ಕೂಡಿಕೆಯೇ. ಕೂಡಿಕೆಗೆಲ್ಲ ಪೇಟೆಂಟ್ ಇಲ್ಲ ಎಂದರೆ ಮೈಕ್ರೋಸ್ಕೋಪಿಗೆ ಪೇಟೆಂಟೇ ಇಲ್ಲ ಎಂದ ಹಾಗೆ. ಎಲ್ಲ ಕೂಡಿಕೆಗೂ ಕೊಡುತ್ತೇವೆ ಎಂದರೆ ಪ್ರಯೋಗಾಲಯದಲ್ಲಿ ಮೇಜಿಗೊಂದು ದೀಪ ಸಿಕ್ಕಿಸಿಕೊಂಡವನೂ ಲೈಸೆನ್ಸ್ ದುಡ್ಡು ಕೇಳುತ್ತಾನೆ.

ಅಮೆರಿಕದ ನ್ಯಾಯಾಲಯಗಳು ಈ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲದಿಂದ ತಿಣುಕುತ್ತಿವೆ. 1851ರ ಹಾಚ್‌ಕಿಸ್ ಮೊಕದ್ದಮೆಯ ವಸ್ತು ಬಾಗಿಲ ಹಿಡಿ. ಲೋಹ ಅಥವಾ ಮರದ ಗುಬ್ಬಿಯ ಬದಲು ಜೇಡಿಮಣ್ಣಿನ ಗುಬ್ಬಿ ಹಾಕಿದ್ದರು. ಸಾಧಾರಣ ಮೇಸ್ತ್ರಿಯ ಕೈಚಳಕಕ್ಕಿಂತ ಹೆಚ್ಚಿನದು ಇದರಲ್ಲಿಲ್ಲ ಎಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಅಲ್ಲಿಂದ ಮಾನದಂಡ ಬಿಗಿಯುತ್ತ ಹೋಗಿ, 1941ರಲ್ಲಿ ಕಾರಿನ ಸಿಗರೇಟ್ ಲೈಟರಿನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಡಗ್ಲಾಸ್ ಪ್ರತಿಭೆಯ ಮಿಂಚನ್ನೇ ಕೇಳಿಬಿಟ್ಟರು. 1950ರಲ್ಲಿ ಕಿರಾಣಿ ಅಂಗಡಿಯ ಕೌಂಟರಿನ ಮೇಲೆ ಸಾಮಾನು ತಳ್ಳುವ ಚೌಕಟ್ಟಿನ ಪೇಟೆಂಟ್ ಬಂದಾಗ, ಭಾಗಗಳ ಮೊತ್ತಕ್ಕಿಂತ ಇಡಿಯದು ಹೆಚ್ಚೇನನ್ನಾದರೂ ಕೊಡಬೇಕು, ಇಲ್ಲಿ ಎರಡಕ್ಕೆ ಎರಡು ಕೂಡಿಸಿ ನಾಲ್ಕಷ್ಟೇ ಸಿಕ್ಕಿದೆ ಎಂಬ ಧಾಟಿಯಲ್ಲಿ ಕೋರ್ಟ್ ಅದನ್ನು ರದ್ದು ಮಾಡಿತು.

ಮಿಂಚು ಹೊಡೆದವರಿಗೆ ಮಾತ್ರ ಪೇಟೆಂಟ್ ಎಂದರೆ ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ಬೆವರು ಸುರಿಸಿದವರ ಗತಿಯೇನು? 1952ರ ಪೇಟೆಂಟ್ ಕಾಯ್ದೆಯ 103ನೇ ಸೆಕ್ಷನ್ ಇದಕ್ಕೆ ಉತ್ತರ ಕೊಟ್ಟಿತು. ಇಡೀ ವಸ್ತುವನ್ನು ಒಟ್ಟಾಗಿ ನೋಡಬೇಕು. ಹಿಂದಿನ ಜ್ಞಾನಕ್ಕೂ ಅದಕ್ಕೂ ಇರುವ ವ್ಯತ್ಯಾಸ ನುರಿತ ಸಾಧಾರಣ ವ್ಯಕ್ತಿಗೆ ಸಹಜವಾಗಿ ಹೊಳೆಯುವಂತಿತ್ತೇ ಎಂದು ಕೇಳಬೇಕು. ಆವಿಷ್ಕಾರ ಮಿಂಚಿನಂತೆ ಬಂತೋ ಬೆವರಿನಿಂದ ಬಂತೋ ಎಂಬುದು ಲೆಕ್ಕಕ್ಕಿಲ್ಲ. ಮಿನ್‌ಸ್ಕಿ ಅರ್ಜಿ ಹಾಕಿದ್ದು ಈ ಸೆಕ್ಷನ್ ಬಂದ ಮೇಲೆ.

ಮಿನ್‌ಸ್ಕಿಗೆ ಬೇಕಾಗಿದ್ದದ್ದು ಮಿದುಳಿನ ನರಗಳ ಜಾಲವನ್ನು ಪದರ ಪದರವಾಗಿ ನೋಡುವುದು. ಸಾಮಾನ್ಯ ಮೈಕ್ರೋಸ್ಕೋಪು ಮಾದರಿಯನ್ನು ಇಡಿಯಾಗಿ ಬೆಳಗುತ್ತದೆ. ನಾವು ನೋಡಬಯಸುವ ಪದರದ ಬೆಳಕಿನ ಜೊತೆ ಮೇಲಿನ, ಕೆಳಗಿನ ಪದರಗಳಿಂದ ಚೆದುರಿದ ಬೆಳಕೂ ಬಂದು ಚಿತ್ರದ ಮೇಲೆ ಮಂಜು ಕವಿಯುತ್ತದೆ. ನರಗಳು ಒತ್ತೊತ್ತಾಗಿ ಹೆಣೆದುಕೊಂಡಿರುವ ಕಡೆ ಏನೂ ಕಾಣುವುದಿಲ್ಲ. ಮಿನ್‌ಸ್ಕಿ ಒಂದು ತೂತಿನ ಮೂಲಕ ಬೆಳಕು ಹಾಯಿಸಿ ಮಾದರಿಯೊಳಗಿನ ಒಂದೇ ಒಂದು ಬಿಂದುವನ್ನು ಬೆಳಗಿದರು. ಹಿಂತಿರುಗುವ ಬೆಳಕಿನ ದಾರಿಯಲ್ಲಿ, ಅದೇ ಬಿಂದುವಿನ ಬಿಂಬ ಬೀಳುವ ಕಡೆ, ಎರಡನೆಯ ತೂತು ಇಟ್ಟರು. ಆ ಬಿಂದುವಿನಿಂದ ಬಂದ ಬೆಳಕು ತೂತು ದಾಟುತ್ತದೆ; ಮೇಲಿನಿಂದಲೋ ಕೆಳಗಿನಿಂದಲೋ ಬಂದದ್ದು ತೂತಿನ ಸುತ್ತ ಹರಡಿ ತಗಡಿಗೆ ಬಡಿದು ಸಾಯುತ್ತದೆ. ಸಿಕ್ಕಿದ್ದು ಒಂದು ಬಿಂದು ಮಾತ್ರ. ಚಿತ್ರ ಬೇಕಾದರೆ ಮಾದರಿಯನ್ನೇ ಸಾಲು ಸಾಲಾಗಿ ಸರಿಸಬೇಕು. ಬೆಳಕನ್ನು ಕದಲಿಸದೆ ಮೇಜನ್ನು ಕದಲಿಸಿದ್ದರಿಂದ ಮಸೂರದ ನಟ್ಟನಡುವಿನ ಭಾಗವಷ್ಟೇ ಬಳಕೆಯಾಯಿತು, ಅಂಚಿನ ದೋಷಗಳು ಕಾಡಲಿಲ್ಲ. ಚಿತ್ರ ಮೂಡಿದ್ದು ಮಿಲಿಟರಿಯವರು ಮಾರಿದ ಹಳೆಯ ರೇಡಾರ್ ಪರದೆಯ ಮೇಲೆ.

ಈಗ ಪರೀಕ್ಷಕರ ಕುರ್ಚಿಯಲ್ಲಿ ಕೂತು ಒಂದು ಕಸರತ್ತು ಮಾಡೋಣ. ಪೇಟೆಂಟ್ ಕಚೇರಿಯ ಭಾಷೆಯಲ್ಲಿ ಹಳೆಯ ದಾಖಲೆಗಳು ಡಿ1, ಡಿ2 ಎಂದು ಸಾಲಾಗಿ ನಿಲ್ಲುತ್ತವೆ. ಡಿ1: 1951ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಜೆ. ಝಡ್. ಯಂಗ್ ಮತ್ತು ಎಫ್. ರಾಬರ್ಟ್ಸ್ ಪ್ರಕಟಿಸಿದ ಹಾರುಚುಕ್ಕೆಯ ಮೈಕ್ರೋಸ್ಕೋಪು. ಟೆಲಿವಿಷನ್ ಕೊಳವೆಯ ಮೇಲೆ ಓಡುವ ಬೆಳಕಿನ ಚುಕ್ಕೆಯನ್ನು ಮಸೂರದಿಂದ ಕುಗ್ಗಿಸಿ ಮಾದರಿಯ ಮೇಲೆ ಓಡಿಸಿ, ಆಚೆ ಬರುವ ಬೆಳಕನ್ನು ಅಳೆದು ಪರದೆಯ ಮೇಲೆ ಚಿತ್ರ ಬಿಡಿಸುತ್ತಾರೆ. ಅಂದರೆ ಬಿಂದು ಬಿಂದುವಾಗಿ ಗೀಚುವುದು ಗೊತ್ತಿತ್ತು. ಡಿ2: ಅದೇ 1951ರಲ್ಲಿ ಜಪಾನಿನ ನಓರಾ ಪ್ರಕಟಿಸಿದ ಪ್ರಬಂಧ. ಜೀವಕೋಶದ ಬೀಜಕೇಂದ್ರ ಎಷ್ಟು ಬೆಳಕನ್ನು ಹೀರುತ್ತದೆಂದು ಅಳೆಯುವಾಗ ಅಡ್ಡಾದಿಡ್ಡಿ ಬೆಳಕು ಲೆಕ್ಕ ತಪ್ಪಿಸುತ್ತದೆ. ಅದನ್ನು ತಡೆಯಲು ಅವರು ಮಾದರಿಯ ಈಚೆಗೊಂದು, ಆಚೆಗೊಂದು ಸಣ್ಣ ಕಿಂಡಿ ಇಟ್ಟರು. ಅಂದರೆ ಜೋಡಿ ತೂತೂ ಗೊತ್ತಿತ್ತು. ಡಿ1ಕ್ಕೆ ಡಿ2 ಕೂಡಿಸಿದರೆ ಮಿನ್‌ಸ್ಕಿಯ ಯಂತ್ರ ಬಂತಲ್ಲ!

ಬಂತೇ? ನಿಧಾನವಾಗಿ ನೋಡಿದರೆ ತೊಡಕು ಕಾಣುತ್ತದೆ. ಡಿ1ರಲ್ಲಿ ಚುಕ್ಕೆ ಓಡುತ್ತದೆ. ಓಡುವ ಚುಕ್ಕೆಯ ಬಿಂಬವೂ ಓಡುತ್ತದೆ. ಆಚೆ ಬದಿಯಲ್ಲಿ ಕದಲದ ತೂತು ಇಟ್ಟರೆ ಚುಕ್ಕೆ ನಟ್ಟನಡುವೆ ಬಂದಾಗಷ್ಟೇ ಬೆಳಕು ಒಳಗೆ ಹೋಗುತ್ತದೆ, ಉಳಿದ ಹೊತ್ತೆಲ್ಲ ಕತ್ತಲೆ. ತೂತನ್ನು ಉಳಿಸಿಕೊಳ್ಳಬೇಕಾದರೆ ಒಂದೋ ಅದನ್ನೂ ಚುಕ್ಕೆಯ ಜೊತೆ ಓಡಿಸಬೇಕು, ಇಲ್ಲವೇ ಚುಕ್ಕೆಯ ಓಟವನ್ನೇ ನಿಲ್ಲಿಸಿ ಮಾದರಿಯನ್ನು ಕದಲಿಸಬೇಕು. ಆದರೆ ಹಾರುಚುಕ್ಕೆಯ ಯಂತ್ರದ ಜೀವಾಳವೇ ಆ ಓಟ, ಅದರ ವೇಗ. ಡಿ2ನ್ನು ತಂದು ಜೋಡಿಸಲು ಡಿ1ರ ಕೆಲಸದ ತತ್ತ್ವವನ್ನೇ ಕೊಲ್ಲಬೇಕಾಗುತ್ತದೆ. ಇಂಥ ಕೂಡಿಕೆಯನ್ನು ಹಳೆಯ ದಾಖಲೆ ಸೂಚಿಸಿತ್ತು ಎನ್ನಲಾಗದು ಎಂದು ಅಮೆರಿಕದ ಪೇಟೆಂಟ್ ಮೇಲ್ಮನವಿ ನ್ಯಾಯಾಲಯ 1959ರಲ್ಲಿ, ರಾಟಿ ಎಂಬ ಮೊಕದ್ದಮೆಯಲ್ಲಿ, ಹೇಳಿತ್ತು. ಇಂದಿಗೂ ವಕೀಲರು ಆ ತೀರ್ಪನ್ನು ಕೈಯಲ್ಲಿ ಹಿಡಿದೇ ವಾದಕ್ಕೆ ನಿಲ್ಲುತ್ತಾರೆ.

ಆದರೆ ಚಾಣಾಕ್ಷ ಎದುರಾಳಿ ಡಿ1ರಿಂದ ಶುರುಮಾಡುವುದೇ ಇಲ್ಲ, ಡಿ2ರಿಂದ ಶುರುಮಾಡುತ್ತಾನೆ. ನಓರಾ ಅವರ ಯಂತ್ರದಲ್ಲಿ ಎರಡು ಕಿಂಡಿಗಳೂ ಇವೆ, ಕದಲುವುದೂ ಇಲ್ಲ. ಅದು ಒಂದು ಜಾಗದ ಬೆಳಕನ್ನು ಅಳೆಯುತ್ತದೆ. ಪಕ್ಕದ ಜಾಗವನ್ನು ಅಳೆಯಬೇಕಾದರೆ ಮೇಜನ್ನು ಸರಿಸಬೇಕು. ಮೇಜು ಸರಿಸುವ ತಿರುಪು ಪ್ರತಿ ಮೈಕ್ರೋಸ್ಕೋಪಿನಲ್ಲೂ ಇದ್ದೇ ಇದೆ. ಹಾಗೆ ಸರಿಸುತ್ತ ಸರಿಸುತ್ತ ಅಳೆದದ್ದನ್ನು ಸಾಲಾಗಿ ಬರೆದರೆ ಚಿತ್ರ. ಈ ವಾದ ಹೆಚ್ಚು ಗಟ್ಟಿ. ಆದರೂ ನಓರಾಗೆ ಇದ್ದದ್ದು ಅಳತೆಯ ತಾಪತ್ರಯ; ದಪ್ಪ ಅಂಗಾಂಶದೊಳಗೆ ಪದರ ಬಿಡಿಸಿ ನೋಡುವ ಆಸೆ ಆ ಪ್ರಬಂಧದ್ದಲ್ಲ. ಅದಕ್ಕಾಗಿ ಚಿತ್ರವನ್ನು ಇಷ್ಟು ನಿಧಾನವಾಗಿ, ಚುಕ್ಕೆ ಚುಕ್ಕೆಯಾಗಿ ಕೂಡಿಸುವ ಕಷ್ಟಕ್ಕೆ ಯಾರಾದರೂ ಯಾಕೆ ಬೀಳಬೇಕಿತ್ತು? ನನ್ನ ಲೆಕ್ಕದಲ್ಲಿ ಮಿನ್‌ಸ್ಕಿ ಗೆಲ್ಲುತ್ತಾರೆ, ಆದರೆ ಕೂದಲೆಳೆಯ ಅಂತರದಲ್ಲಿ. ಅದೇ ಎರಡು ದಾಖಲೆ, ಅದೇ ಯಂತ್ರ. ಎಲ್ಲಿಂದ ಹೊರಟೆವು ಎನ್ನುವುದರ ಮೇಲೆ ಉತ್ತರ ವಾಲುತ್ತದೆ. ಕೂಡಿಕೆಯ ಪ್ರಶ್ನೆಯಲ್ಲಿ ಬಿಡಿಭಾಗಗಳ ಪಟ್ಟಿಗಿಂತ ಕೂಡಿಸಲು ಇದ್ದ ಕಾರಣ ಮುಖ್ಯ ಎಂದು ನಾನು ಹೇಳುವುದು ಇದಕ್ಕೇ.

ಕಾರಣ ಎಲ್ಲಿರಬೇಕು? ದಾಖಲೆಯಲ್ಲೇ ಬರೆದಿರಬೇಕೇ, ಅಥವಾ ನುರಿತ ವ್ಯಕ್ತಿಯ ತಲೆಯಲ್ಲಿದ್ದರೆ ಸಾಕೇ? ಅಮೆರಿಕದ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಜಗಳವೆಲ್ಲ ಇದರ ಸುತ್ತ. 1966ರ ಗ್ರಹಾಂ ತೀರ್ಪು ಚೌಕಟ್ಟನ್ನು ಹಾಕಿತು: ಹಿಂದಿನ ಜ್ಞಾನದಲ್ಲಿ ಏನೇನಿತ್ತು, ಅದಕ್ಕೂ ಅರ್ಜಿದಾರ ತನ್ನದೆಂದು ಬರೆದ ಹಕ್ಕಿನ ಸಾಲಿಗೂ, ಅಂದರೆ ಕ್ಲೇಮಿಗೂ, ಇರುವ ಅಂತರವೆಷ್ಟು, ಆ ಕ್ಷೇತ್ರದ ಸಾಧಾರಣ ನೈಪುಣ್ಯ ಯಾವ ಮಟ್ಟದ್ದು, ಇವುಗಳ ಜೊತೆಗೆ ಮಾರುಕಟ್ಟೆಯ ಯಶಸ್ಸು, ಬಹುಕಾಲ ನೀಗದ ಕೊರತೆ, ಇತರರ ಸೋಲು ಇಂಥ ಹೊರಗಿನ ಸಾಕ್ಷ್ಯ. (ಅಲ್ಲಿನ ವಸ್ತು ಕಲ್ಲುನೆಲದಲ್ಲಿ ಮುರಿಯದ ನೇಗಿಲು, ಪೇಟೆಂಟ್ ಬಿದ್ದುಹೋಯಿತು.) ಆಮೇಲೆ 1982ರಲ್ಲಿ ಹುಟ್ಟಿದ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯ, ಎರಡು ದಾಖಲೆಗಳನ್ನು ಕೂಡಿಸಬೇಕಾದರೆ ಹಾಗೆ ಕೂಡಿಸಲು ಬೋಧನೆಯೋ ಸೂಚನೆಯೋ ಪ್ರೇರಣೆಯೋ ಇರಬೇಕು ಎಂಬ ಪರೀಕ್ಷೆಗೆ ಅಂಟಿಕೊಂಡಿತು. ಒಳ್ಳೆಯ ಉದ್ದೇಶದ ಪರೀಕ್ಷೆ; ಬರಬರುತ್ತ ಅದು ಲಿಖಿತ ಚೀಟಿ ತೋರಿಸು ಎನ್ನುವ ಗುಮಾಸ್ತಿಕೆಯಾಯಿತು.

2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಮ್ಮತದಿಂದ ಸಡಿಲಿಸಿತು. ಕೆಎಸ್‌ಆರ್ ವಿರುದ್ಧ ಟೆಲಿಫ್ಲೆಕ್ಸ್ ಎಂಬ ಆ ಮೊಕದ್ದಮೆಯಲ್ಲಿ ಇದ್ದದ್ದು ಕಾರಿನ ಆಕ್ಸಿಲರೇಟರ್. ಹಿಂದೆಮುಂದೆ ಸರಿಸಬಲ್ಲ ಪೆಡಲ್ ಇತ್ತು, ಎಲೆಕ್ಟ್ರಾನಿಕ್ ಸೆನ್ಸರೂ ಇತ್ತು. ಪೆಡಲಿನ ಕದಲದ ಕೀಲಿನ ಮೇಲೆ ಸೆನ್ಸರ್ ಕೂರಿಸಿದ್ದೇ ಆವಿಷ್ಕಾರ ಎಂದು ವಾದ. ಗೊತ್ತಿರುವ ಭಾಗಗಳನ್ನು ಗೊತ್ತಿರುವ ರೀತಿಯಲ್ಲಿ ಕೂಡಿಸಿ, ಮೊದಲೇ ಊಹಿಸಬಹುದಾದ ಫಲ ಬಂದರೆ ಅದು ಪೇಟೆಂಟಿಗೆ ತಕ್ಕದ್ದಲ್ಲವೆಂಬುದು ನ್ಯಾಯಮೂರ್ತಿ ಕೆನಡಿ ಬರೆದ ತೀರ್ಪಿನ ಸಾರ. ನುರಿತ ವ್ಯಕ್ತಿ ಯಂತ್ರಮಾನವನಲ್ಲ, ಅವನಿಗೂ ಒಂದಿಷ್ಟು ಕಲ್ಪನೆಯಿದೆ. ಹಳೆಯ ದಾಖಲೆ ಬೇರೆ ಸಮಸ್ಯೆಗೆಂದು ಬರೆದದ್ದಾದರೂ ಅದನ್ನು ತನ್ನ ಸಮಸ್ಯೆಗೆ ಎತ್ತಿಕೊಳ್ಳಬಲ್ಲ. ಈ ಕೊನೆಯ ಮಾತು ನಮ್ಮ ಕಸರತ್ತಿಗೆ ನೇರವಾಗಿ ತಟ್ಟುತ್ತದೆ. ನಓರಾ ಬೇರೆ ತಾಪತ್ರಯಕ್ಕೆ ಕಿಂಡಿ ಇಟ್ಟರು ಎಂಬ ಒಂದೇ ವಾದದ ಮೇಲೆ ಮಿನ್‌ಸ್ಕಿ ಇಂದು ನಿಲ್ಲಲಾರರು. ಆದರೆ ಕಾರಣವನ್ನು ಬಾಯಿಬಿಟ್ಟು ಹೇಳುವ ಹೊಣೆ ಪರೀಕ್ಷಕರಿಂದ ತಪ್ಪಲಿಲ್ಲ. ಕೂಡಿಸುವುದು ಸಹಜ ಎಂದು ಷರಾ ಎಳೆದರೆ ಸಾಲದು, ಯಾಕೆ ಸಹಜ ಎಂಬ ತರ್ಕ ಕಾಗದದ ಮೇಲೆ ಕಾಣಬೇಕೆಂದು ಅದೇ ತೀರ್ಪು ಒತ್ತಿ ಹೇಳಿತು.

ಇದಕ್ಕೆ ಕಾರಣ, ಈ ಇಡೀ ವಿಚಾರಣೆಗೆ ಅಂಟಿಕೊಂಡಿರುವ ಒಂದು ಕಾಯಿಲೆ. ಪರೀಕ್ಷಕರು ಹಳೆಯ ದಾಖಲೆ ಹುಡುಕಲು ಕೂರುವಾಗ ಅವರ ಎದುರಿಗೆ ಅರ್ಜಿದಾರನ ಕ್ಲೇಮು ತೆರೆದಿರುತ್ತದೆ. ಉತ್ತರ ಗೊತ್ತಿದ್ದು ಹುಡುಕುವವರಿಗೆ ತುಂಡುಗಳು ಸಿಕ್ಕೇ ಸಿಗುತ್ತವೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಒಲೆಯ ಬೆಳಕಿನಲ್ಲಿ ಎಲ್ಲವೂ ಸಹಜವೇ. ಮೈಕ್ರೋಸ್ಕೋಪಿನಂಥ ಕ್ಷೇತ್ರದಲ್ಲಿ, ಮುನ್ನೂರೈವತ್ತು ವರ್ಷಗಳ ಸಾಮಾನು ರಾಶಿ ಬಿದ್ದಿರುವಾಗ, ಯಾವ ಕ್ಲೇಮನ್ನು ತೆಗೆದುಕೊಂಡರೂ ಮೂರೋ ನಾಲ್ಕೋ ದಾಖಲೆಗಳಲ್ಲಿ ಅದರ ಅಂಗಾಂಗ ಹೆಕ್ಕಿ ತೋರಿಸಬಹುದು.

ಯುರೋಪಿನವರು ಇದಕ್ಕೆ ಕಂಡುಕೊಂಡ ಉಪಾಯ ಶಿಸ್ತಿನದು. ಯುರೋಪಿಯನ್ ಪೇಟೆಂಟ್ ಕಚೇರಿಯಲ್ಲಿ ಮೊದಲು ಕ್ಲೇಮಿಗೆ ಅತಿ ಹತ್ತಿರದ ಒಂದು ದಾಖಲೆಯನ್ನು ಆರಿಸುತ್ತಾರೆ. ವ್ಯತ್ಯಾಸದಿಂದ ಯಾವ ತಾಂತ್ರಿಕ ಪರಿಣಾಮ ಬಂತೆಂದು ನೋಡಿ, ಅದರಿಂದ ಸಮಸ್ಯೆಯನ್ನು ಹೊಸದಾಗಿ ಬರೆಯುತ್ತಾರೆ. ಆ ಸಮಸ್ಯೆ ಹಿಡಿದುಕೊಂಡ ನುರಿತ ವ್ಯಕ್ತಿ ಎರಡನೆಯ ದಾಖಲೆಯತ್ತ ತಿರುಗಿ ಈ ಪರಿಹಾರಕ್ಕೆ ಬರುತ್ತಿದ್ದನೇ ಎಂದು ಕೇಳುತ್ತಾರೆ. ಬರಬಹುದಿತ್ತೇ ಎಂಬುದು ಅಲ್ಲಿ ಪ್ರಶ್ನೆಯಲ್ಲ, ನಿಜಕ್ಕೂ ಬರುತ್ತಿದ್ದನೇ ಎಂಬುದು. 1984ರ ಟಿ 2/83 ತೀರ್ಪಿನಿಂದ ಈ ಭೇದ ಗಟ್ಟಿಯಾಯಿತು. ಹಾರುಚುಕ್ಕೆಯವರು ತೂತು ಇಡಬಹುದಿತ್ತು, ಯಾರೂ ಕೈ ಹಿಡಿಯುತ್ತಿರಲಿಲ್ಲ. ಇಡುತ್ತಿದ್ದರು ಎನ್ನಲು ಕಾರಣ ಬೇಕು. ಆದರೂ ಅತಿ ಹತ್ತಿರದ ದಾಖಲೆ ಯಾವುದು ಎಂಬ ಮೊದಲ ಹೆಜ್ಜೆಯಲ್ಲೇ ಅರ್ಧ ಯುದ್ಧ ಮುಗಿಯುತ್ತದೆ, ಮತ್ತು ಆ ಆಯ್ಕೆಯನ್ನೂ ಮಾಡುವುದು ಕ್ಲೇಮನ್ನು ಓದಿದ ಮೇಲೇ. ಕಾಯಿಲೆ ವಾಸಿಯಾಗಿಲ್ಲ, ಹತೋಟಿಯಲ್ಲಿದೆ.

ಬ್ರಿಟನ್ನಿನ ಕೊಡುಗೆ ಇನ್ನೊಂದು ಮೂಲೆಯದು: ಕೂಡಿಕೆ ಬೇರೆ, ಪಕ್ಕಪಕ್ಕ ಇಡುವುದು ಬೇರೆ. 1890ರ ವಿಲಿಯಮ್ಸ್ ವಿರುದ್ಧ ನೈ ಮೊಕದ್ದಮೆಯಲ್ಲಿ ಮಾಂಸ ಕೊಚ್ಚುವ ಯಂತ್ರ ಮತ್ತು ಸಾಸೇಜ್ ತುಂಬುವ ಯಂತ್ರ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಎರಡೂ ತಮ್ಮ ತಮ್ಮ ಹಳೆಯ ಕೆಲಸ ಮಾಡಿಕೊಂಡಿದ್ದವು, ಪೇಟೆಂಟ್ ನಿಲ್ಲಲಿಲ್ಲ. 2004ರಲ್ಲಿ ಗ್ಯಾಸ್ ಒಲೆಯ ಬರ್ನರಿನ ಸಬಾಫ್ ಮೊಕದ್ದಮೆಯಲ್ಲಿ ಹೌಸ್ ಆಫ್ ಲಾರ್ಡ್ಸ್ ಇದನ್ನೇ ಮತ್ತೆ ಸ್ಪಷ್ಟಪಡಿಸಿತು. ಮೊದಲು ಒಂದು ಆವಿಷ್ಕಾರವಿದೆಯೋ ಎರಡಿದೆಯೋ ನೋಡಿ. ಎರಡಿದ್ದರೆ ಒಂದೊಂದನ್ನೂ ಬೇರೆಬೇರೆಯಾಗಿ ತೂಗಿ.

ಹೊರಗಿನ ಸಾಕ್ಷ್ಯದ ಮಾತಿಗೆ ಬಂದರೆ, ಮೈಕ್ರೋಸ್ಕೋಪಿನ ಚರಿತ್ರೆ ಕಾನೂನಿನವರಿಗೆ ಎರಡು ಪಾಠ ಹೇಳುತ್ತದೆ, ಒಂದಕ್ಕೊಂದು ವಿರುದ್ಧವಾದ ದಿಕ್ಕಿನಲ್ಲಿ. ಮೊದಲನೆಯದು ನೆದರ್‌ಲ್ಯಾಂಡಿನ ಗ್ರೋನಿಂಗನ್ನಿನ ಫ್ರಿಟ್ಸ್ ಝೆರ್ನಿಕೆ ಅವರದು. ಬಣ್ಣ ಹಾಕದ ಜೀವಕೋಶ ನೀರಿನಷ್ಟೇ ಪಾರದರ್ಶಕ, ಮೈಕ್ರೋಸ್ಕೋಪಿನಲ್ಲಿ ಏನೂ ಕಾಣದು. ಕೋಶದೊಳಗೆ ಹಾದುಬಂದ ಬೆಳಕು ಸ್ವಲ್ಪ ಹಿಂದೆ ಬಿದ್ದಿರುತ್ತದೆ ಅಷ್ಟೇ, ಮಂಕಾಗಿರುವುದಿಲ್ಲ. ನೇರವಾಗಿ ಬಂದ ಬೆಳಕಿನ ದಾರಿಯಲ್ಲಿ ಒಂದು ತೆಳು ಗಾಜಿನ ಫಲಕ ಇಟ್ಟು ಅದರ ಅಲೆಯನ್ನು ಕಾಲು ಭಾಗ ಸರಿಸಿದರೆ, ಆ ಕಾಣದ ವ್ಯತ್ಯಾಸ ಕಪ್ಪುಬಿಳುಪಾಗಿ ಎದ್ದುಬರುತ್ತದೆಂದು ಝೆರ್ನಿಕೆ ಕಂಡುಕೊಂಡರು. ಮೈಕ್ರೋಸ್ಕೋಪಿನಲ್ಲಿ ಚಿತ್ರ ಮೂಡುವ ಬಗೆ ವಿವರಿಸುವ ಅಬ್ಬೆಯ ಸಿದ್ಧಾಂತ ಇತ್ತು, ಗಾಜಿನ ಫಲಕ ಇತ್ತು, ಮಸೂರ ಇತ್ತು. 1932ರಲ್ಲಿ ಅವರು ಇದನ್ನು ಜೆನಾದ ಝೈಸ್ ಕಾರ್ಖಾನೆಗೆ ಒಯ್ದರೆ, ಇದರಲ್ಲಿ ಹುರುಳಿದ್ದಿದ್ದರೆ ನಾವೇ ಯಾವಾಗಲೋ ಕಂಡುಹಿಡಿದಿರುತ್ತಿದ್ದೆವು ಎಂಬ ಅರ್ಥದ ಉತ್ತರ ಬಂತೆಂದು ಝೆರ್ನಿಕೆ ಮುಂದೆ ನೆನೆದಿದ್ದಾರೆ. 1953ರಲ್ಲಿ ಅದಕ್ಕೇ ನೊಬೆಲ್ ಬಂತು. ಜಗತ್ತಿನ ಅತ್ಯಂತ ನುರಿತ ಮೈಕ್ರೋಸ್ಕೋಪು ಕುಶಲಿಗಳಿಗೆ ತೋರಿಸಿದ ಮೇಲೂ ಹೊಳೆಯದ್ದನ್ನು ಸಹಜವಾಗಿ ಹೊಳೆಯುವಂಥದ್ದು ಎನ್ನುವುದಾದರೂ ಹೇಗೆ? ಗ್ರಹಾಂ ತೀರ್ಪಿನ ದಿನವೇ ಬಂದ ಆಡಮ್ಸ್ ತೀರ್ಪು ಇದೇ ಜಾತಿಯದು. ಮೆಗ್ನೀಸಿಯಂ ಮತ್ತು ತಾಮ್ರದ ಕ್ಲೋರೈಡನ್ನು ಜೋಡಿಸಿ, ನೀರು ಹಾಕಿದರೆ ಸಾಕು ಎನ್ನುವ ಬ್ಯಾಟರಿ. ಸೇನೆಯ ತಜ್ಞರು ಮೊದಲು ನಂಬಲೇ ಇಲ್ಲ, ಆಮೇಲೆ ಸರ್ಕಾರ ಅದನ್ನೇ ಧಾರಾಳವಾಗಿ ಬಳಸಿತು. ಆ ಪೇಟೆಂಟನ್ನು ಕೋರ್ಟ್ ಎತ್ತಿಹಿಡಿಯಿತು.

ಎರಡನೆಯ ಪಾಠ ಎಚ್ಚರಿಕೆಯದು. ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲ, ಆದ್ದರಿಂದ ಇದು ಸಹಜವಲ್ಲ ಎನ್ನುವುದು ಅರ್ಜಿದಾರರ ಮೆಚ್ಚಿನ ವಾದ. ಎರಡು ಫೋಟಾನುಗಳ ಮೈಕ್ರೋಸ್ಕೋಪನ್ನು ನೋಡಿ. ಒಂದು ಅಣು ಏಕಕಾಲಕ್ಕೆ ಎರಡು ಫೋಟಾನುಗಳನ್ನು ಹೀರಬಲ್ಲದು ಎಂದು ಮರಿಯಾ ಗೋಪರ್ಟ್ ಮೇಯರ್ 1931ರಲ್ಲೇ ಲೆಕ್ಕ ಹಾಕಿದ್ದರು. 1978ರಲ್ಲಿ ಶೆಪರ್ಡ್ ಮತ್ತು ಕಾಂಪ್ಫ್‌ನರ್ ಇಂಥ ಪರಿಣಾಮಗಳನ್ನು ಗೀಚುವ ಮೈಕ್ರೋಸ್ಕೋಪಿನಲ್ಲಿ ಬಳಸಬಹುದೆಂದು ಬರೆದರು. ಕಾರ್ನೆಲ್ ವಿಶ್ವವಿದ್ಯಾಲಯದ ಡೆಂಕ್, ಸ್ಟ್ರಿಕ್ಲರ್, ವೆಬ್ 1989ರಲ್ಲಿ ಅರ್ಜಿ ಹಾಕಿ, 1990ರಲ್ಲಿ ಪ್ರಬಂಧ ಪ್ರಕಟಿಸಿ, 1991ರಲ್ಲಿ ಪೇಟೆಂಟ್ ಪಡೆದರು. ಎರಡು ಫೋಟಾನುಗಳು ಒಟ್ಟಿಗೆ ಬಡಿಯಬೇಕಾದರೆ ಬೆಳಕು ಅಷ್ಟು ದಟ್ಟವಾಗಿರಬೇಕು; ಆ ದಟ್ಟಣೆ ಮಸೂರದ ನಾಭಿಯಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಮೇಲಿನ ಕೆಳಗಿನ ಪದರಗಳು ತಾವೇ ಕತ್ತಲಾಗಿ ಉಳಿಯುತ್ತವೆ, ಮಿನ್‌ಸ್ಕಿಯ ಎರಡನೆಯ ತೂತೇ ಬೇಡ. 1931ರಿಂದ ಎಣಿಸಿದರೆ ಸುಮಾರು ಅರವತ್ತು ವರ್ಷ ಯಾರಿಗೂ ಹೊಳೆಯಲಿಲ್ಲ ಎಂದು ವಾದಿಸಬಹುದು. ಆದರೆ 1960ರವರೆಗೆ ಲೇಸರೇ ಇರಲಿಲ್ಲ, ಪಿಕೋಸೆಕೆಂಡಿಗೂ ಕಡಿಮೆ ಹೊತ್ತಿನ ಮಿಡಿತ ಕೊಡುವ ಲೇಸರುಗಳು ಬಂದದ್ದು ಅದಕ್ಕೂ ಎಷ್ಟೋ ಆಮೇಲೆ. ಹೊಳೆಯದೆ ಉಳಿದದ್ದಕ್ಕೂ ಸಾಮಾನು ಸಿಗದೆ ಉಳಿದದ್ದಕ್ಕೂ ವ್ಯತ್ಯಾಸವಿದೆ. ಗಡಿಯಾರವನ್ನು ಕೊನೆಯ ಸಾಮಾನು ಕೈಗೆ ಬಂದ ದಿನದಿಂದ ಚಾಲೂ ಮಾಡಬೇಕು. ಹಾಗೆ ಎಣಿಸಿದರೂ ಡೆಂಕ್ ತಂಡದ ಕೈ ಮೇಲೆಯೇ ಎಂದು ನನ್ನ ಅಂದಾಜು: 1978ರ ಸೂಚನೆ ತತ್ತ್ವದ್ದು, ಜೀವಂತ ಕೋಶ ಸುಡದಂತೆ ಅದನ್ನು ಸಾಧಿಸುವ ಮಿಡಿತದ ಆಯ್ಕೆ ಇವರದು.

ಮಿನ್‌ಸ್ಕಿಯ ಪೇಟೆಂಟಿಗೂ ಇದೇ ಹಣೆಬರಹ. ಹದಿನೇಳು ವರ್ಷ ಮುಗಿದು 1978ರಲ್ಲಿ ಅದರ ಅವಧಿ ತೀರುವವರೆಗೆ ಹೆಚ್ಚಿನವರು ಆ ಕಡೆ ತಿರುಗಿ ನೋಡಲಿಲ್ಲ. ಲೇಸರ್, ಕಂಪ್ಯೂಟರ್ ಎರಡೂ ಕೈಗೆಟುಕಿದ 1980ರ ದಶಕದಲ್ಲಿ ಕೇಂಬ್ರಿಜ್‌ನ ಪ್ರಯೋಗಾಲಯದಿಂದ ಮಿನ್‌ಸ್ಕಿಯ ಜೋಡಿ ತೂತಿನ ತತ್ತ್ವದ ಲೇಸರ್ ಕಾನ್‌ಫೋಕಲ್ ಯಂತ್ರ ಹೊರಬಂದು, ಇಂದು ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆಗಳಲ್ಲೂ ದಿನಬಳಕೆಯ ಸಾಮಾನಾಗಿದೆ. ಮಾರುಕಟ್ಟೆಯ ಯಶಸ್ಸನ್ನೇ ಅಳತೆಗೋಲು ಮಾಡಿದ್ದರೆ ಮಿನ್‌ಸ್ಕಿ ಸೊನ್ನೆ ಅಂಕ ಪಡೆಯುತ್ತಿದ್ದರು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಅಮೆರಿಕಕ್ಕಿಂತ ಒಂದು ಬಾಗಿಲು ಹೆಚ್ಚಾಗಿ ಇಟ್ಟುಕೊಂಡಿದೆ. 1970ರ ಪೇಟೆಂಟ್ ಕಾಯ್ದೆಯ 3(ಎಫ್) ಸೆಕ್ಷನ್ ಪ್ರಕಾರ, ಗೊತ್ತಿರುವ ಸಾಧನಗಳು ಒಂದಕ್ಕೊಂದು ಸಂಬಂಧವಿಲ್ಲದೆ ತಮ್ಮ ತಮ್ಮ ಗೊತ್ತಿರುವ ಕೆಲಸ ಮಾಡಿಕೊಂಡಿರುವಾಗ ಅವನ್ನು ಬರೀ ಜೋಡಿಸುವುದು, ಮರುಜೋಡಿಸುವುದು, ನಕಲು ಮಾಡುವುದು ಆವಿಷ್ಕಾರವೇ ಅಲ್ಲ. ವಿಲಿಯಮ್ಸ್ ವಿರುದ್ಧ ನೈ ತೀರ್ಪಿನ ಸಾಸೇಜ್ ಪೆಟ್ಟಿಗೆ ಇಲ್ಲಿ ಶಾಸನದ ರೂಪದಲ್ಲೇ ಇದೆ. ಅದನ್ನು ದಾಟಿ ಬಂದರೆ 2(1)(ಜೆಎ): ಇರುವ ಜ್ಞಾನಕ್ಕೆ ಹೋಲಿಸಿದರೆ ತಾಂತ್ರಿಕ ಮುನ್ನಡೆಯೋ ಆರ್ಥಿಕ ಮಹತ್ವವೋ ಎರಡೂವೋ ಇರಬೇಕು, ನುರಿತ ವ್ಯಕ್ತಿಗೆ ಸಹಜವಾಗಿ ಹೊಳೆಯುವಂತಿರಬಾರದು. ಇವಕ್ಕೆ ಹಿನ್ನೆಲೆಯಾಗಿ ನಿಂತಿರುವುದು ಬಿಶ್ವನಾಥ್ ಪ್ರಸಾದ್ ವಿರುದ್ಧ ಹಿಂದೂಸ್ತಾನ್ ಮೆಟಲ್ ಇಂಡಸ್ಟ್ರೀಸ್ ಎಂಬ ಸುಪ್ರೀಂ ಕೋರ್ಟ್ ತೀರ್ಪು. ಮಿರ್ಜಾಪುರದ ಪಾತ್ರೆ ಕಾರ್ಖಾನೆಯಲ್ಲಿ ಲೇತಿನ ಮೇಲೆ ಪಾತ್ರೆ ಹಿಡಿದುಕೊಳ್ಳುವ ಸಾಧನವೊಂದಕ್ಕೆ ಪೇಟೆಂಟ್ ಇತ್ತು. ಹಳೆಯವುಗಳ ಕೂಡಿಕೆಯಿಂದ ಹೊಸ ಫಲ ಬರಬೇಕು, ಅಥವಾ ಮೊದಲಿಗಿಂತ ಉತ್ತಮವಾದ, ಅಗ್ಗವಾದ ವಸ್ತು ಬರಬೇಕು. ಬರೀ ಕಾರ್ಖಾನೆಯ ಸುಧಾರಣೆ ಸಾಲದು ಎಂದು ನ್ಯಾಯಾಲಯ ಪೇಟೆಂಟನ್ನು ರದ್ದು ಮಾಡಿತು. 1978ರ ಕೊನೆಯಲ್ಲಿ ಬಂದ ಈ ತೀರ್ಪನ್ನು ಇಂದಿಗೂ ಪ್ರತಿ ಹಿಯರಿಂಗಿನಲ್ಲೂ ಎರಡೂ ಕಡೆಯವರು ತಮ್ಮದೇ ಎನ್ನುತ್ತಾರೆ.

3(ಎಫ್) ಎಲ್ಲಿ ಕಚ್ಚುತ್ತದೆ, ಎಲ್ಲಿ ಬಿಡುತ್ತದೆ ಎಂಬುದಕ್ಕೆ ಫೋಲ್ಡ್‌ಸ್ಕೋಪ್ ಒಳ್ಳೆಯ ಒರೆಗಲ್ಲು. ಮೀರತ್‌ನಲ್ಲಿ ಹುಟ್ಟಿ ಸ್ಟ್ಯಾನ್‌ಫರ್ಡ್ ಸೇರಿದ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್‌ಸ್ಕಿ 2014ರಲ್ಲಿ ವಿವರಿಸಿದ ಕಾಗದದ ಮೈಕ್ರೋಸ್ಕೋಪು ಅದು;  ಭಾರತದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇದನ್ನು ಶಾಲೆ ಕಾಲೇಜುಗಳಿಗೆ ಮುಟ್ಟಿಸಲು ಯೋಜನೆ ನಡೆಸಿತು. ಪುಟ್ಟ ಗೋಲಿಯಂಥ ಮಸೂರ ಹುಕ್‌ನ ಸಮಕಾಲೀನ ಲೇವನ್‌ಹುಕ್‌ನ ಕಾಲದ್ದು, ಎಲ್‌ಇಡಿ ಹಳೆಯದು, ಕಾಗದ ಮಡಚುವುದು ಅದಕ್ಕಿಂತ ಹಳೆಯದು. ಆದರೆ ಇಲ್ಲಿ ಮಡಿಕೆ ಬರೀ ಪೆಟ್ಟಿಗೆಯಲ್ಲ: ಅದೇ ಮಸೂರವನ್ನೂ ದೀಪವನ್ನೂ ಒಂದೇ ಗೆರೆಗೆ ತರುತ್ತದೆ, ಹೆಬ್ಬೆರಳಿನಿಂದ ತುಸು ಬಾಗಿಸಿದರೆ ಅದೇ ಫೋಕಸ್ ಮಾಡುತ್ತದೆ. ಭಾಗಗಳು ಒಂದರ ಕೆಲಸವನ್ನೊಂದು ಬದಲಿಸಿವೆ. ಇದೇ ಹೊತ್ತಿನಲ್ಲಿ ಶಾಲೆಯ ಮೈಕ್ರೋಸ್ಕೋಪಿನ ಕಣ್ಣಿಗೆ ಮೊಬೈಲ್ ಸಿಕ್ಕಿಸುವ ಒಂದು ಹಿಡಿಕೆಗೆ ಅರ್ಜಿ ಹಾಕಿದರೆ 3(ಎಫ್) ಎದುರಿಗೇ ನಿಂತಿರುತ್ತದೆ. ಮೈಕ್ರೋಸ್ಕೋಪು ದೊಡ್ಡದು ಮಾಡುತ್ತದೆ, ಮೊಬೈಲು ಫೋಟೋ ತೆಗೆಯುತ್ತದೆ, ಹಿಡಿಕೆ ಹಿಡಿಯುತ್ತದೆ.

ಕರ್ನಾಟಕದ ಅರ್ಜಿಗಳು ಹೋಗುವುದು ಚೆನ್ನೈ ಪೇಟೆಂಟ್ ಕಚೇರಿಗೆ. ಅಲ್ಲಿಂದ ಬರುವ ಮೊದಲ ಪರೀಕ್ಷಾ ವರದಿಗೆ, ಏಜೆಂಟರ ಬಾಯಲ್ಲಿ ಎಫ್‌ಇಆರ್‌ಗೆ, ಆರು ತಿಂಗಳೊಳಗೆ ಉತ್ತರ ಕೊಡಬೇಕು. ಒಂದು ಕಲ್ಪಿತ ಕ್ಲೇಮು ಇಟ್ಟುಕೊಳ್ಳಿ: ಮೋಟಾರಿನಿಂದ ಏರಿಳಿಯುವ ಮೇಜು, ಕ್ಯಾಮೆರಾ, ಮತ್ತು ಚಿತ್ರದ ಕಪ್ಪುಬಿಳುಪಿನ ವ್ಯತ್ಯಾಸ ಅತಿ ಹೆಚ್ಚಾದ ಕಡೆ ಮೇಜನ್ನು ನಿಲ್ಲಿಸುವ ಪ್ರೊಸೆಸರ್. ಡಿ1ರಲ್ಲಿ ಮೋಟಾರ್ ಮೇಜಿನ ಮೈಕ್ರೋಸ್ಕೋಪಿದೆ, ಡಿ2ರಲ್ಲಿ ಫೋಟೋ ಕ್ಯಾಮೆರಾದ ಆಟೋಫೋಕಸ್ ಇದೆ. ಇದು ನಿಲ್ಲುವುದಿಲ್ಲ, ಕ್ಯಾಮೆರಾದಲ್ಲಿ ಕೊಟ್ಟ ಫಲವನ್ನೇ ಇಲ್ಲೂ ಕೊಡುತ್ತದೆ. ಈಗ ಕ್ಲೇಮನ್ನು ತುಸು ಬಿಗಿ ಮಾಡಿ. ರಕ್ತದ ಲೇಪದ ಮೇಲಿನ ಗಾಜಿನ ಚೂರಿಗೆ ಎರಡು ಮೈ ಇರುವುದರಿಂದ, ಧೂಳು ಕೂತ ಮೇಲ್ಮೈಯಲ್ಲೇ ವ್ಯತ್ಯಾಸ ಅತಿ ಹೆಚ್ಚಾಗಿ, ಯಂತ್ರ ಕೋಶಗಳನ್ನು ಬಿಟ್ಟು ಧೂಳಿಗೆ ಫೋಕಸ್ ಮಾಡಿಬಿಡುತ್ತದೆ. ಅರ್ಜಿದಾರ ಎರಡು ಬಣ್ಣದ ಬೆಳಕನ್ನು ಒಂದಾದ ಮೇಲೊಂದು ಹಾಯಿಸಿ, ರಕ್ತ ಹೀರುವ ಬಣ್ಣದಲ್ಲಿ ಮಾತ್ರ ಎದ್ದು ಕಾಣುವ ಪದರವನ್ನು ಆರಿಸುತ್ತಾನೆ. ಡಿ2ರ ಕ್ಯಾಮೆರಾದವರಿಗೆ ಈ ಸಮಸ್ಯೆಯೇ ಇರಲಿಲ್ಲ. ಬಣ್ಣದ ದೀಪ ಹೇಳುವ ಡಿ3 ತಂದು ಸೇರಿಸಬಹುದು. ಆದರೆ ಅದನ್ನು ಫೋಕಸ್ ಮಾಡಲು ಬಳಸು ಎನ್ನುವ ಕಾರಣ ಡಿ3ರಲ್ಲೂ ಇಲ್ಲ, ಕಸುಬಿನ ಸಾಮಾನ್ಯ ಜ್ಞಾನದಲ್ಲೂ ಇಲ್ಲವೆಂದಾದರೆ ಕ್ಲೇಮು ಉಳಿಯಬೇಕು. ಇಂಥ ಕಡೆ ಏಜೆಂಟರು ಮಾಡುವ ಸಾಮಾನ್ಯ ಎಡವಟ್ಟೆಂದರೆ ಧೂಳಿನ ತಾಪತ್ರಯವನ್ನು ಮೂಲ ವಿವರಣೆಯಲ್ಲಿ ಬರೆಯದೆ ಹಿಯರಿಂಗಿನಲ್ಲಿ ಬಾಯಿಮಾತಿನಲ್ಲಿ ಹೇಳುವುದು. ಆಗ ಅದು ನೆಪದಂತೆ ಕೇಳುತ್ತದೆ.

ಪರೀಕ್ಷಕರ ಕಡೆಯ ಎಡವಟ್ಟನ್ನು ದೆಹಲಿ ಹೈಕೋರ್ಟ್ 2022ರ ಅಗ್ರಿಬೋರ್ಡ್ ತೀರ್ಪಿನಲ್ಲಿ ಹಿಡಿದಿದೆ. ಹಳೆಯ ದಾಖಲೆಗಳ ನಂಬರು ಪಟ್ಟಿ ಮಾಡಿ, ಆದ್ದರಿಂದ ಸಹಜ ಎಂದು ಒಂದು ಸಾಲು ಬರೆದು ಅರ್ಜಿ ತಿರಸ್ಕರಿಸುವಂತಿಲ್ಲ. ಹಿಂದಿನ ಜ್ಞಾನ ಏನು, ಈ ಆವಿಷ್ಕಾರ ಏನು, ಅದರಿಂದ ಇದಕ್ಕೆ ನುರಿತ ವ್ಯಕ್ತಿ ಹೇಗೆ ಬರುತ್ತಿದ್ದ ಎಂಬ ಮೂರನ್ನೂ ಆದೇಶದಲ್ಲಿ ಚರ್ಚಿಸಬೇಕು. ಕೆಎಸ್‌ಆರ್ ತೀರ್ಪು ಕೇಳಿದ ಕಾಗದದ ಮೇಲಿನ ತರ್ಕ ಇದೇ. ಕೂಡಿಕೆಯ ಪ್ರಶ್ನೆಗೆ ದೇಶದಿಂದ ದೇಶಕ್ಕೆ ಸೂತ್ರ ಬೇರೆಯಾದರೂ, ಕಾರಣ ಬರೆ ಎಂಬಲ್ಲಿ ಎಲ್ಲರೂ ಬಂದು ಸೇರುತ್ತಿದ್ದಾರೆ.

ಈಗ ಸರದಿಯಲ್ಲಿ ನಿಂತಿರುವುದು ಕೃತಕ ನರಜಾಲದ ಸಾಫ್ಟ್‌ವೇರ್ ಕೂಡಿಸಿದ ಮೈಕ್ರೋಸ್ಕೋಪುಗಳು: ಮಂಕು ಚಿತ್ರವನ್ನು ಕಂಪ್ಯೂಟರ್ ಚೊಕ್ಕ ಮಾಡುತ್ತದೆ, ಬಣ್ಣ ಹಾಕದ ಅಂಗಾಂಶಕ್ಕೆ ತಾನೇ ಬಣ್ಣ ಊಹಿಸಿ ಹಾಕುತ್ತದೆ. ನಮ್ಮಲ್ಲಿ ಇವು ಮೊದಲು 3(ಕೆ) ಸೆಕ್ಷನ್ನಿನ ಕಂಪ್ಯೂಟರ್ ಪ್ರೋಗ್ರಾಂ ಎಂಬ ತಕರಾರನ್ನು ದಾಟಬೇಕು, ಆಮೇಲೆ ಗೊತ್ತಿರುವ ಮೈಕ್ರೋಸ್ಕೋಪಿಗೆ ಗೊತ್ತಿರುವ ನರಜಾಲ ಜೋಡಿಸಿದ್ದು ಎಂಬ ತಕರಾರನ್ನು. ಮೈಕ್ರೋಸ್ಕೋಪು ಮೊದಲಿನಂತೆಯೇ ಚಿತ್ರ ತೆಗೆದು, ಸಾಫ್ಟ್‌ವೇರ್ ಆಮೇಲೆ ಬೇರೆಯಾಗಿ ಅದನ್ನು ತಿದ್ದುವುದಾದರೆ ಬಹುಪಾಲು ಅರ್ಜಿಗಳು ಎರಡನೆಯದರಲ್ಲಿ ಬೀಳಬೇಕೆಂದೇ ನನ್ನ ಅಭಿಪ್ರಾಯ. ಸಾಫ್ಟ್‌ವೇರ್ ಕಂಡದ್ದರ ಮೇಲೆ ದೀಪದ ಪ್ರಖರತೆಯೋ ತೂತಿನ ಅಗಲವೋ ಮೇಜಿನ ಮುಂದಿನ ಹೆಜ್ಜೆಯೋ ಆ ಕ್ಷಣದಲ್ಲೇ ಬದಲಾಗುವ ಯಂತ್ರಗಳ ಮಾತು ಬೇರೆ. ಅಲ್ಲಿ ನರಜಾಲವಿಲ್ಲದೆ ದೃಗ್‌ಯಂತ್ರ ಹಾಗೆ ನಡೆದುಕೊಳ್ಳುವುದಿಲ್ಲ, ದೃಗ್‌ಯಂತ್ರವಿಲ್ಲದೆ ನರಜಾಲಕ್ಕೆ ಆ ದತ್ತಾಂಶ ಸಿಗುವುದಿಲ್ಲ. ಅಂಥವನ್ನು ಡಿ1, ಡಿ2 ಎಂದು ಪಟ್ಟಿ ಮಾಡಿ ಮುಗಿಸುವ ಮುನ್ನ ಪರೀಕ್ಷಕರು ಎರಡನೆಯ ಸಲ ಓದಬೇಕಾಗುತ್ತದೆ.